ಸವೆದ ಮೂಲೆಯ ಬೆಲೆ

೨೦೨೨ರ ಆಗಸ್ಟ್ ತಿಂಗಳಲ್ಲಿ ಅಮೆರಿಕ ದೇಶದಲ್ಲಿ ಒಂದು ರಟ್ಟಿನ ಚೂರು ಹರಾಜಾಯಿತು. ಅದರ ಅಗಲ ಎರಡೂವರೆ ಅಂಗುಲಕ್ಕಿಂತ ತುಸು ಹೆಚ್ಚು. ಉದ್ದ ಮೂರೂ ಮುಕ್ಕಾಲು ಅಂಗುಲ. ಅದರ ಮೇಲೆ ಮಿಕಿ ಮ್ಯಾಂಟಲ್ ಎಂಬ ಬೇಸ್‌ಬಾಲ್ ಆಟಗಾರನ ಬಣ್ಣದ ಚಿತ್ರ. ೧೯೫೨ರಲ್ಲಿ ಹುಡುಗರು ಕೆಲವೇ ಸೆಂಟುಗಳನ್ನು ಕೊಟ್ಟು ಬಬಲ್ ಗಮ್ ಕೊಂಡಾಗ ಅದರೊಡನೆ ಪೊಟ್ಟಣದಲ್ಲಿ ದೊರೆಯುತ್ತಿದ್ದ ಚಿತ್ರವದು. ಹರಾಜು ಮುಗಿದಾಗ ಅದಕ್ಕೆ ಸಂದ ಬೆಲೆ ೧ ಕೋಟಿ ೨೬ ಲಕ್ಷ ಡಾಲರು! ಆಗಿನ ವಿನಿಮಯದ ಲೆಕ್ಕದಲ್ಲಿ ನಮ್ಮ ಹಣದಲ್ಲಿ ಸುಮಾರು ೧೦೦ ಕೋಟಿ ರೂಪಾಯಿ.

ಇಂತಹ ಸುದ್ದಿಯನ್ನು ಓದಿದವರ ಕಣ್ಣು ಒಮ್ಮೆಯಾದರೂ ಮನೆಯ ಅಟ್ಟದ ಕಡೆಗೆ ಹೊರಳದೆ ಇರುವುದಿಲ್ಲ. ಬಾಲ್ಯದಲ್ಲಿ ಕೂಡಿಟ್ಟ ಕ್ರಿಕೆಟ್ ಆಟಗಾರರ ಚಿತ್ರಗಳು ಎಲ್ಲಿ ಹೋದವು? ಹಿಂದಿನ ಕಾಲದಲ್ಲಿ ವಿಲಾಯಿತಿಗೆ ಓದಲು ಹೋಗಿದ್ದ ಹಿರಿಯರು ತಂದಿಟ್ಟ ಸಿಗರೇಟು ಚಿತ್ರಗಳ ಆಲ್ಬಮ್ಮು ಯಾವ ಟ್ರಂಕಿನಲ್ಲಿದೆ? ಅಮೆರಿಕದಲ್ಲಿ ನೆಲೆಸಿರುವ ಮಗನ ಮನೆಯಲ್ಲಿ ಮೊಮ್ಮಗನು ಜೋಪಾನ ಮಾಡುತ್ತಿರುವ ಹಳೆಯ ಕಾರ್ಡುಗಳ ಡಬ್ಬಿಗೆ ನಿಜವಾಗಿಯೂ ಏನಾದರೂ ಬೆಲೆಯುಂಟೆ? ಈ ಪ್ರಶ್ನೆಗಳು ಸಹಜವಾದವು. ಆಸೆಯೇನೂ ಅಪರಾಧವಲ್ಲ. ಆದರೆ ಆಸೆಯ ಬೆನ್ನ ಹಿಂದೆಯೇ ಅಚಾತುರ್ಯ ಬರುವುದುಂಟು. ಕೊಳೆಯಾಗಿದೆಯೆಂದು ಒರೆಸುವುದು, ಅಂಚು ಮುರಿದಿದೆಯೆಂದು ಕತ್ತರಿಸುವುದು, ಹಾಳಾಗದಿರಲೆಂದು ಪ್ಲಾಸ್ಟಿಕ್ ಹಾಳೆಯಲ್ಲಿ ಲ್ಯಾಮಿನೇಷನ್ ಮಾಡಿಸುವುದು — ಇವು ಮೂರೂ ಪ್ರೀತಿಯಿಂದ ಮಾಡುವ ಕೆಲಸಗಳೇ. ಆದರೆ ಬೆಲೆಯನ್ನು ನಾಶಮಾಡುವುದರಲ್ಲಿ ಇವುಗಳಿಗೆ ಸಮನಾದುದು ಇನ್ನೊಂದಿಲ್ಲ. ಆದುದರಿಂದ ಇಂತಹ ಕಾರ್ಡುಗಳ ಬೆಲೆಯನ್ನೂ ಸ್ಥಿತಿಯನ್ನೂ ತಿಳಿದವರು ಹೇಗೆ ಅಳೆಯುತ್ತಾರೆ ಎಂಬುದನ್ನು ಈ ವಾರ ನೋಡೋಣ.

ಹುಟ್ಟಿದ ಬಗೆ

ಈ ಕಾರ್ಡುಗಳ ಹುಟ್ಟು ಬಹಳ ಸಾಧಾರಣವಾದುದು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಸಿಗರೇಟುಗಳನ್ನು ತೆಳುವಾದ ಕಾಗದದ ಪೊಟ್ಟಣಗಳಲ್ಲಿ ಮಾರುತ್ತಿದ್ದರು. ಜೇಬಿನಲ್ಲಿ ಅವು ನಜ್ಜುಗುಜ್ಜಾಗದಿರಲೆಂದು ಒಳಗೆ ಒಂದು ರಟ್ಟಿನ ತುಂಡನ್ನು ಇಡುತ್ತಿದ್ದರು. ಆ ರಟ್ಟು ಬರಿದಾಗಿ ಏಕಿರಬೇಕು? ಅದರ ಮೇಲೊಂದು ಚಿತ್ರವನ್ನು ಅಚ್ಚು ಮಾಡಿದರೆ ಕೊಳ್ಳುವವನು ಮತ್ತೆ ಬರುವನಲ್ಲವೆ? ಅಮೆರಿಕದ ವರ್ಜೀನಿಯ ಪ್ರಾಂತದ ಅಲೆನ್ ಅಂಡ್ ಗಿಂಟರ್ ಎಂಬ ಕಂಪೆನಿಯು ೧೮೮೭ರಲ್ಲಿ ಜಗದ್ವಿಖ್ಯಾತ ಪಂದ್ಯಗಾರರ ೫೦ ಚಿತ್ರಗಳ ಮಾಲೆಯನ್ನು ಹೊರಡಿಸಿತು. ಅದರಲ್ಲಿ ಬೇಸ್‌ಬಾಲ್ ಆಟಗಾರರೊಡನೆ ಮುಷ್ಟಿಕಾಳಗದವರು, ಕುಸ್ತಿಯ ಪೈಲ್ವಾನರು, ದೋಣಿ ನಡೆಸುವವರು ಎಲ್ಲರೂ ಇದ್ದರು. ಇಂಗ್ಲೆಂಡಿನ ಬ್ರಿಸ್ಟಲ್ ನಗರದ ವಿಲ್ಸ್ ಕಂಪೆನಿಯು ೧೮೯೬ರಲ್ಲಿ ೫೦ ಮಂದಿ ಕ್ರಿಕೆಟಿಗರ ಮಾಲೆಯನ್ನು ತಂದಿತು. ಗಡ್ಡದ ಮಹಾಪುರುಷ ಡಬ್ಲ್ಯು. ಜಿ. ಗ್ರೇಸ್ ಅದರಲ್ಲಿದ್ದನು. ನಮ್ಮ ರಣಜಿ ಟ್ರೋಫಿಗೆ ಹೆಸರು ಕೊಟ್ಟ ರಣಜಿತ್‌ಸಿಂಹಜಿಯ ಚಿತ್ರವೂ ಆ ಕಾಲದ ಇಂಗ್ಲಿಷ್ ಸಿಗರೇಟು ಕಾರ್ಡುಗಳಲ್ಲಿ ಬಂದಿತು.

ಪ್ರತಿಯೊಂದು ಕಾರ್ಡಿನ ಹಿಂಬದಿಯಲ್ಲಿ ಸಾಮಾನ್ಯವಾಗಿ ಆಟಗಾರನ ಸಂಕ್ಷಿಪ್ತ ವೃತ್ತಾಂತ, ಒಂದು ಕ್ರಮಸಂಖ್ಯೆ. ಈ ಸಂಖ್ಯೆಯಲ್ಲಿಯೇ ವ್ಯಾಪಾರದ ಗುಟ್ಟು ಅಡಗಿತ್ತು. ಹನ್ನೆರಡೂ ಹದಿನಾಲ್ಕೂ ಕೈಯಲ್ಲಿದ್ದು ಹದಿಮೂರು ಮಾತ್ರ ಇಲ್ಲವೆಂದರೆ ಮನುಷ್ಯನಿಗೆ ಸಮಾಧಾನವಿರುವುದಿಲ್ಲ. ತಂದೆ ಸಿಗರೇಟು ಸೇದಿದನು, ಮಗ ಚಿತ್ರ ಕೂಡಿಟ್ಟನು, ಕಂಪೆನಿ ಹಣ ಎಣಿಸಿತು! ಇಂಗ್ಲೆಂಡಿನಲ್ಲಿ ಈ ಪದ್ಧತಿ ೧೯೪೦ರಲ್ಲಿ ಯುದ್ಧಕಾಲದ ಕಾಗದದ ಅಭಾವದಿಂದ ನಿಂತಿತು. ಅಮೆರಿಕದಲ್ಲಿ ಅಷ್ಟರಲ್ಲಾಗಲೇ ಹೊಗೆಸೊಪ್ಪಿನ ಸ್ಥಾನಕ್ಕೆ ಬಬಲ್ ಗಮ್ ಬಂದಿತ್ತು. ೧೯೩೩ರಲ್ಲಿ ಗೌಡಿ ಕಂಪೆನಿಯ ೨೪೦ ಕಾರ್ಡುಗಳ ಮಾಲೆ, ೧೯೫೨ರಲ್ಲಿ ಟಾಪ್ಸ್ ಕಂಪೆನಿಯ ೪೦೭ ಕಾರ್ಡುಗಳ ಮಾಲೆ — ಇವೆರಡೂ ಸಂಗ್ರಾಹಕರ ಲೋಕದಲ್ಲಿ ಇಂದಿಗೂ ದೊಡ್ಡ ಹೆಸರುಗಳು.

ಹಳೆಯದಾದರೆ ಸಾಕೆ?

ಬೆಲೆಯ ವಿಚಾರದಲ್ಲಿ ಮೊದಲು ಮನಸ್ಸಿನಿಂದ ತೆಗೆದುಹಾಕಬೇಕಾದ ಭ್ರಮೆಯೊಂದುಂಟು: ಹಳೆಯದೆಲ್ಲವೂ ಬೆಲೆಯುಳ್ಳದ್ದು ಎಂಬುದು. ವಯಸ್ಸು ತಾನಾಗಿಯೇ ಬೆಲೆಯನ್ನು ಕೊಡುವುದಿಲ್ಲ. ಕೇಳಬೇಕಾದ ಪ್ರಶ್ನೆಗಳು ಮೂರು: ಎಷ್ಟು ಉಳಿದಿವೆ? ಎಷ್ಟು ಮಂದಿಗೆ ಬೇಕಾಗಿವೆ? ಯಾವ ಸ್ಥಿತಿಯಲ್ಲಿವೆ?

ಮೊದಲನೆಯ ಪ್ರಶ್ನೆಗೆ ಇಂಗ್ಲೆಂಡಿನ ಜಾನ್ ಪ್ಲೇಯರ್ ಕಂಪೆನಿಯ ಕ್ರಿಕೆಟ್ ಮಾಲೆಗಳು ಒಳ್ಳೆಯ ಉದಾಹರಣೆ. ೧೯೩೪ ಮತ್ತು ೧೯೩೮ರಲ್ಲಿ ಹೊರಬಂದ ಈ ಐವತ್ತೈವತ್ತರ ಸೆಟ್ಟುಗಳಲ್ಲಿ ಬ್ರ್ಯಾಡ್‌ಮನ್‌ನಂಥವರ ಚಿತ್ರಗಳಿವೆ. ನೋಡಲು ಸೊಗಸಾಗಿವೆ, ವಯಸ್ಸು ಎಂಬತ್ತನ್ನು ದಾಟಿದೆ. ಆದರೂ ಇವುಗಳಿಂದ ಯಾರೂ ಬಂಗಲೆ ಕಟ್ಟಿಸಲಾರರು. ಕಾರಣವಿಷ್ಟೆ: ಅಂದು ಅಪಾರ ಸಂಖ್ಯೆಯಲ್ಲಿ ಅಚ್ಚಾದವು, ಅಂದೇ ಜನರು ಜೋಪಾನವಾಗಿ ಕೂಡಿಟ್ಟರು, ಆದುದರಿಂದ ಇಂದಿಗೂ ಧಾರಾಳವಾಗಿ ಉಳಿದಿವೆ. ಎಲ್ಲರೂ ಕಾಪಾಡಿದ ವಸ್ತು ಎಂದಿಗೂ ವಿರಳವಾಗುವುದಿಲ್ಲ.

ಇದಕ್ಕೆ ವಿರುದ್ಧವಾದ ಉದಾಹರಣೆ ಹೋನಸ್ ವ್ಯಾಗ್ನರನ ಕಾರ್ಡು. ೧೯೦೯ರಿಂದ ೧೯೧೧ರವರೆಗೆ ಅಮೆರಿಕನ್ ಟೊಬ್ಯಾಕೊ ಕಂಪೆನಿಯು ೫೦೦ಕ್ಕೂ ಹೆಚ್ಚು ಬೇಸ್‌ಬಾಲ್ ಚಿತ್ರಗಳನ್ನು ಹೊರಡಿಸಿತು. ಸಂಗ್ರಾಹಕರು ಈ ಮಾಲೆಯನ್ನು ಟಿ-೨೦೬ ಎಂದು ಕರೆಯುತ್ತಾರೆ. ಪಿಟ್ಸ್‌ಬರ್ಗ್ ತಂಡದ ವ್ಯಾಗ್ನರನ ಚಿತ್ರ ಅಚ್ಚಾಗತೊಡಗಿದ ಸ್ವಲ್ಪ ಕಾಲದಲ್ಲಿಯೇ ನಿಂತುಹೋಯಿತು. ಮಕ್ಕಳು ತನ್ನ ಚಿತ್ರಕ್ಕಾಗಿ ಹೊಗೆಸೊಪ್ಪು ಕೊಳ್ಳುವುದು ಆತನಿಗೆ ಇಷ್ಟವಿರಲಿಲ್ಲವೆಂದು ಕೆಲವರು ಹೇಳುತ್ತಾರೆ. ತನಗೆ ತಕ್ಕ ಹಣ ಬರಲಿಲ್ಲವೆಂದು ಆತ ಒಪ್ಪಲಿಲ್ಲವೆಂದು ಇನ್ನು ಕೆಲವರು. ಕಾರಣವೇನೇ ಇರಲಿ, ಇಂದು ಜಗತ್ತಿನಲ್ಲಿ ಉಳಿದಿವೆಯೆಂದು ತಿಳಿದಿರುವ ಪ್ರತಿಗಳು ಸುಮಾರು ಐವತ್ತರಿಂದ ಅರುವತ್ತು ಮಾತ್ರ. ಅದೇ ಮಾಲೆಯ ಸಾಧಾರಣ ಆಟಗಾರನ ಸವೆದ ಕಾರ್ಡು ನೂರು ಡಾಲರಿನೊಳಗೆ ದೊರೆಯುವುದುಂಟು. ವ್ಯಾಗ್ನರನಿಗೆ ಲಕ್ಷಗಟ್ಟಲೆ ಡಾಲರು ತೆರಬೇಕು.

ಆದರೆ ವಿರಳತೆಯೊಂದೇ ಸಾಲದು, ಬೇಡಿಕೆಯೂ ಬೇಕು. ಮೇಲೆ ಹೇಳಿದ ಮ್ಯಾಂಟಲನ ಕಾರ್ಡು ತನ್ನ ಮಾಲೆಯಲ್ಲಿ ಅತ್ಯಂತ ವಿರಳವಾದುದೇ ಎಂದರೆ, ಅಲ್ಲ. ೧೯೫೨ರ ಟಾಪ್ಸ್ ಮಾಲೆಯ ಕೊನೆಯ ಭಾಗ, ೩೧೧ರಿಂದ ೪೦೭ರವರೆಗಿನವು, ಬೇಸ್‌ಬಾಲ್ ಋತು ಮುಗಿಯುವ ಹೊತ್ತಿಗೆ ಅಂಗಡಿಗೆ ಬಂದುವು. ಮಾರಾಟವಾಗದೆ ಗೋದಾಮಿನಲ್ಲಿ ಉಳಿದುವು. ೧೯೬೦ರಲ್ಲಿ ಅವುಗಳನ್ನು ದೋಣಿಗೆ ತುಂಬಿಸಿ ಅಟ್ಲಾಂಟಿಕ್ ಸಮುದ್ರಕ್ಕೆ ಸುರಿಸಿದೆನೆಂದು ಆ ಮಾಲೆಯನ್ನು ರೂಪಿಸಿದ ಸೈ ಬರ್ಗರ್ ಅವರೇ ಮುಂದೆ ಹೇಳುತ್ತಿದ್ದರು. ಮ್ಯಾಂಟಲನದು ೩೧೧ನೆಯದು. ಅಚ್ಚಿನ ಹಾಳೆಯಲ್ಲಿ ಆ ಚಿತ್ರಕ್ಕೆ ಎರಡು ಸ್ಥಾನವಿದ್ದುದರಿಂದ, ಆ ಭಾಗದ ಬಹುತೇಕ ಕಾರ್ಡುಗಳಿಗಿಂತ ಅದು ಎರಡರಷ್ಟು ಅಚ್ಚಾಗಿತ್ತು! ಆದರೂ ಬೆಲೆಯಲ್ಲಿ ಅದಕ್ಕೇ ಅಗ್ರಪೂಜೆ. ಏಕೆಂದರೆ ಒಂದು ತಲೆಮಾರಿನ ಹುಡುಗರಿಗೆ ಆತ ಆರಾಧ್ಯದೈವನಾಗಿದ್ದನು. ಆ ಹುಡುಗರು ಬೆಳೆದು ಹಣವಂತರಾದಾಗ ತಮ್ಮ ಬಾಲ್ಯವನ್ನೇ ಕೊಳ್ಳಲು ಹೊರಟರು.

ಇದನ್ನು ಕಂಡು ಬುದ್ಧಿವಂತರಾದವರ ಕಥೆಯೂ ಉಂಟು. ೧೯೮೦ರ ದಶಕದ ಕೊನೆಯಲ್ಲಿ ಅಮೆರಿಕದ ಅನೇಕ ಸಂಸಾರಸ್ಥರು, ಮಕ್ಕಳ ಕಾಲೇಜಿನ ಖರ್ಚಿಗೆ ಆದೀತೆಂದು ಹೊಸ ಕಾರ್ಡುಗಳ ಪೆಟ್ಟಿಗೆಗಳನ್ನು ಒಡೆಯದೆ ಕೂಡಿಟ್ಟರು. ಕಂಪೆನಿಗಳು ಅವರ ಆಸೆಗೆ ತಕ್ಕಂತೆ ಅಚ್ಚು ಹಾಕುತ್ತಲೇ ಹೋದುವು. ಇಂದು ಆ ಪೆಟ್ಟಿಗೆಗಳಲ್ಲಿ ಹೆಚ್ಚಿನವು ಅಂದು ಕೊಟ್ಟ ಹಣಕ್ಕೂ ಹೋಗುವುದು ಕಷ್ಟ. ಬೆಳ್ಳಗಿರುವುದೆಲ್ಲ ಹಾಲಲ್ಲ, ಜೋಪಾನ ಮಾಡಿದ್ದೆಲ್ಲ ನಿಧಿಯಲ್ಲ.

ಸೆಟ್ಟಿನ ಲೆಕ್ಕ

ಬಿಡಿ ಕಾರ್ಡು ಬೇರೆ, ಪೂರ್ಣ ಸೆಟ್ಟು ಬೇರೆ. ಸೆಟ್ಟು ಕೈಗೆ ಬಂದಾಗ ಮೊದಲು ಮಾಡಬೇಕಾದ ಕೆಲಸ ಎಣಿಕೆ. ಹಿಂಬದಿಯಲ್ಲಿ ಸಂಖ್ಯೆಯಿದ್ದರೆ ಒಂದರಿಂದ ಕೊನೆಯವರೆಗೆ ಸಾಲಾಗಿ ಜೋಡಿಸಿ, ಇಲ್ಲದವನ್ನು ಒಂದು ಕಾಗದದ ಮೇಲೆ ಬರೆದುಕೊಳ್ಳಬೇಕು. ಐವತ್ತರಲ್ಲಿ ನಲವತ್ತೊಂಬತ್ತು ಇದ್ದರೆ ಬೆಲೆ ಐವತ್ತರಲ್ಲಿ ಒಂದು ಪಾಲು ಮಾತ್ರ ಕಡಿಮೆಯಾಗುತ್ತದೆ ಎಂಬ ಲೆಕ್ಕ ಇಲ್ಲಿ ನಡೆಯದು. ಯಾವುದು ಇಲ್ಲವೆಂಬುದರ ಮೇಲೆ ಎಲ್ಲವೂ ನಿಂತಿದೆ.

೧೯೩೩ರ ಗೌಡಿ ಮಾಲೆಯನ್ನು ನೋಡಿ. ಮಕ್ಕಳು ಎಷ್ಟು ಪೊಟ್ಟಣ ಕೊಂಡರೂ ೧೦೬ನೆಯ ಸಂಖ್ಯೆ ದೊರೆಯಲೇ ಇಲ್ಲ. ಏಕೆಂದರೆ ಕಂಪೆನಿ ಆ ವರ್ಷ ಅದನ್ನು ಹೊರಡಿಸಿರಲೇ ಇಲ್ಲ! ಮರುವರ್ಷ, ಪತ್ರ ಬರೆದು ಕೇಳಿದವರಿಗೆ ಮಾತ್ರ ನೆಪೋಲಿಯನ್ ಲಾಜೋಯ್ ಎಂಬ ಹಳೆಯ ಆಟಗಾರನ ಚಿತ್ರವನ್ನು ಆ ಸಂಖ್ಯೆಯಡಿ ಅಚ್ಚುಮಾಡಿ ಅಂಚೆಯಲ್ಲಿ ಕಳುಹಿಸಿತು. ಪತ್ರಕ್ಕೆ ಕ್ಲಿಪ್ಪು ಸಿಕ್ಕಿಸಿ ಕಳುಹಿಸಿದ್ದರಿಂದ ಉಳಿದಿರುವ ಅನೇಕ ಪ್ರತಿಗಳ ಮೇಲೆ ಇಂದಿಗೂ ಆ ತಂತಿಯ ಗುರುತು ಕಾಣುತ್ತದೆ. ೨೩೯ ಕಾರ್ಡು ಕೂಡಿಸಿದವನಿಗೂ ೨೪೦ ಕೂಡಿಸಿದವನಿಗೂ ಇರುವ ಅಂತರ ಒಂದು ರಟ್ಟಿನ ಚೂರಿನದಲ್ಲ, ಸಾವಿರಾರು ಡಾಲರುಗಳದು.

ಇನ್ನೊಂದು ಸೂಕ್ಷ್ಮವುಂಟು. ಸೆಟ್ಟಿನ ಮೊದಲ ಕಾರ್ಡನ್ನೂ ಕಡೆಯ ಕಾರ್ಡನ್ನೂ ಬೇರೆಯಾಗಿ ತೆಗೆದು ನೋಡಬೇಕು. ಹುಡುಗರು ಕಾರ್ಡುಗಳನ್ನು ಕ್ರಮವಾಗಿ ಜೋಡಿಸಿ ರಬ್ಬರ್ ಬ್ಯಾಂಡು ಬಿಗಿಯುತ್ತಿದ್ದರು. ಬ್ಯಾಂಡಿನ ಕಚ್ಚು ಬೀಳುವುದು ಮೇಲಿನ ಕಾರ್ಡಿಗೆ, ಕೆಳಗಿನ ಕಾರ್ಡಿಗೆ; ನಡುವಿನವು ಸುಖವಾಗಿರುತ್ತವೆ. ೧೯೫೨ರ ಟಾಪ್ಸ್ ಮಾಲೆಯಲ್ಲಿ ಮೊದಲನೆಯ ಸಂಖ್ಯೆ ಆಂಡಿ ಪಾಫ್‌ಕೊ ಎಂಬ ಆಟಗಾರನದು. ಆತನದು ಮ್ಯಾಂಟಲನಂತಹ ಹೆಸರಲ್ಲ. ಆದರೂ ಆತನ ಕಾರ್ಡು ನಿಷ್ಕಳಂಕವಾಗಿ ದೊರೆತರೆ ಬಹಳ ದೊಡ್ಡ ಬೆಲೆ ಬರುತ್ತದೆ. ಮುಂದೆ ನಿಂತವನಿಗೇ ಮೊದಲ ಪೆಟ್ಟು ಎಂಬ ಮಾತು ರಟ್ಟಿಗೂ ಸಲ್ಲುತ್ತದೆ.

ಸ್ಥಿತಿಯನ್ನು ನೋಡುವ ಕ್ರಮ

ಈಗ ಮೂರನೆಯ ಪ್ರಶ್ನೆಗೆ ಬರೋಣ. ಸ್ಥಿತಿಯನ್ನು ನೋಡುವುದಕ್ಕೆ ದುಬಾರಿ ಯಂತ್ರಗಳು ಬೇಕಿಲ್ಲ. ಒಣಗಿದ ಶುಚಿಯಾದ ಕೈ, ಕಿಟಕಿಯ ಬಳಿಯ ಹಗಲು ಬೆಳಕು, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಒಂದು ಭೂತಗನ್ನಡಿ, ಮಿಲಿಮೀಟರು ಗುರುತಿರುವ ಒಂದು ಸ್ಕೇಲು — ಇಷ್ಟಿದ್ದರೆ ಸಾಕು. ಕಾರ್ಡನ್ನು ಅಂಚಿನಲ್ಲಿ ಹಿಡಿಯಬೇಕೇ ಹೊರತು ಮುಖದ ಮೇಲೆ ಹೆಬ್ಬೆರಳು ಊರಬಾರದು.

ಮೊದಲು ಮೂಲೆಗಳು. ನಾಲ್ಕು ಮೂಲೆಗಳೂ ಚೂಪಾಗಿವೆಯೇ, ದುಂಡಾಗಿವೆಯೇ, ರಟ್ಟಿನ ಪದರ ಬಿಚ್ಚಿಕೊಂಡಿದೆಯೇ ಎಂದು ನೋಡಬೇಕು. ಹಲವು ಕೈಗಳನ್ನು ದಾಟಿ ಬಂದ ಕಾರ್ಡು ಮೊದಲು ಸವೆಯುವುದು ಮೂಲೆಯಲ್ಲಿ.

ಎರಡನೆಯದು ಅಂಚು. ಅಂಚಿನಲ್ಲಿ ಬಣ್ಣ ಉದುರಿ ಬಿಳಿಯ ಚುಕ್ಕೆಗಳು ಕಾಣುತ್ತವೆಯೇ? ಕಚ್ಚುಗಳಿವೆಯೇ? ಹಿಂಬದಿಯಿಂದಲೂ ನೋಡಬೇಕು, ಮುಂಬದಿಯಲ್ಲಿ ಅಡಗಿದ ಸವೆತ ಹಿಂಬದಿಯಲ್ಲಿ ಬಯಲಾಗುತ್ತದೆ.

ಮೂರನೆಯದು ಮೈ. ಕಾರ್ಡನ್ನು ಬೆಳಕಿಗೆ ಓರೆಯಾಗಿ ಹಿಡಿದು ನಿಧಾನವಾಗಿ ತಿರುಗಿಸಿದರೆ, ನೇರವಾಗಿ ನೋಡಿದಾಗ ಕಾಣದ ಮಡಿಕೆಯ ಗೆರೆ, ಗೀರು, ಒತ್ತಿದ ಗುರುತು ಎಲ್ಲವೂ ಎದ್ದು ನಿಲ್ಲುತ್ತವೆ. ಮಡಿಕೆಯ ಗೆರೆಯೊಂದಿದ್ದರೆ ಉಳಿದೆಲ್ಲ ಚೆನ್ನಾಗಿದ್ದರೂ ಬೆಲೆ ಬಹಳ ಇಳಿಯುತ್ತದೆ.

ನಾಲ್ಕನೆಯದು ಚಿತ್ರವು ನಟ್ಟನಡುವೆ ಕುಳಿತಿದೆಯೇ ಎಂಬುದು. ಇದು ಬಳಸಿದವನ ತಪ್ಪಲ್ಲ, ಕಾರ್ಖಾನೆಯ ಕತ್ತರಿಯ ತಪ್ಪು; ಆದರೂ ಲೆಕ್ಕಕ್ಕೆ ಬರುತ್ತದೆ. ಎಡಗಡೆಯ ಬಿಳಿಯ ಅಂಚು ಮೂರು ಮಿಲಿಮೀಟರು, ಬಲಗಡೆಯದು ಎರಡು ಮಿಲಿಮೀಟರು ಇದ್ದರೆ ಅದನ್ನು ೬೦ಕ್ಕೆ ೪೦ ಎನ್ನುತ್ತಾರೆ. ಎರಡೂ ಕಡೆ ಸಮನಾಗಿದ್ದರೆ ೫೦ಕ್ಕೆ ೫೦.

ಇಂಗ್ಲಿಷ್ ಸಿಗರೇಟು ಕಾರ್ಡುಗಳಿಗೆ ಐದನೆಯ ಪರೀಕ್ಷೆಯೊಂದುಂಟು — ಬೆನ್ನು. ೧೯೩೦ರ ದಶಕದಲ್ಲಿ ಪ್ಲೇಯರ್ ಮೊದಲಾದ ಕಂಪೆನಿಗಳು ಒಂದು ಪೆನ್ನಿಗೆ ಆಲ್ಬಮ್ಮುಗಳನ್ನು ಮಾರಿ, ಅಂಚೆಚೀಟಿಯಂತೆ ಬೆನ್ನಿಗೆ ಅಂಟು ಬಳಿದ ಕಾರ್ಡುಗಳನ್ನು ಹೊರಡಿಸಿದುವು. ಆಲ್ಬಮ್ಮಿಗೆ ಅಂಟಿಸಿದ ಸೆಟ್ಟಿಗೆ ಬಿಡಿಯಾಗಿ ಉಳಿದ ಸೆಟ್ಟಿಗಿಂತ ಬೆಲೆ ಬಹಳ ಕಡಿಮೆ. ಅಂಟಿಸದೆ ಇಟ್ಟವೂ ನಮ್ಮ ಕರಾವಳಿಯ ಅಥವಾ ಮಲೆನಾಡಿನ ಮಳೆಗಾಲದ ತೇವದಲ್ಲಿ ತಾವಾಗಿಯೇ ಒಂದಕ್ಕೊಂದು ಅಂಟಿಕೊಳ್ಳುವುದುಂಟು.

ಇಷ್ಟೆಲ್ಲ ನೋಡಿ ಅಂಕ ಕೊಡುವ ಸಂಸ್ಥೆಗಳು ಅಮೆರಿಕದಲ್ಲಿವೆ. ಪಿ.ಎಸ್.ಎ. ಎಂಬುದು ೧೯೯೧ರಲ್ಲಿ ಆರಂಭವಾಯಿತು. ಒಂದರಿಂದ ಹತ್ತರವರೆಗೆ ಅಂಕ ಕೊಟ್ಟು, ಕಾರ್ಡನ್ನು ಗಟ್ಟಿಯಾದ ಪಾರದರ್ಶಕ ಪೆಟ್ಟಿಗೆಯಲ್ಲಿ ಮುದ್ರೆಯೊತ್ತಿ ಹಿಂದಿರುಗಿಸುತ್ತಾರೆ. ಎಂಟಕ್ಕೂ ಒಂಬತ್ತಕ್ಕೂ ನಡುವೆ ಕಣ್ಣಿಗೆ ಕಾಣುವ ಭೇದ ಕೂದಲೆಳೆಯಷ್ಟಿರಬಹುದು. ಹಣದ ಭೇದ ಎರಡು ಪಟ್ಟು, ಮೂರು ಪಟ್ಟು ಆಗುವುದುಂಟು. ಇಷ್ಟು ಸಣ್ಣ ಭೇದಕ್ಕೆ ಇಷ್ಟು ದೊಡ್ಡ ಬೆಲೆ ಎಂದಮೇಲೆ ಆ ಭೇದವನ್ನು ಕೃತಕವಾಗಿ ಹುಟ್ಟಿಸುವವರು ಹುಟ್ಟದಿರುತ್ತಾರೆಯೆ?

ಕತ್ತರಿಯ ಕೈವಾಡ

ವಂಚನೆಗಳು ಹಲವು ಬಗೆ. ಸವೆದ ಅಂಚನ್ನು ತೆಳುವಾಗಿ ಕತ್ತರಿಸಿ ಮೂಲೆಯನ್ನು ಚೂಪು ಮಾಡುವುದು ಒಂದು. ಉದುರಿದ ಬಣ್ಣಕ್ಕೆ ಮಸಿ ತುಂಬುವುದು ಇನ್ನೊಂದು. ರಾಸಾಯನಿಕದಿಂದ ಕಲೆ ತೆಗೆಯುವುದು, ಮಡಿಕೆಯನ್ನು ಒತ್ತಿ ಸಮ ಮಾಡುವುದು ಮತ್ತೊಂದು. ಎಲ್ಲಕ್ಕೂ ಮಿಗಿಲಾದುದು, ಇಡೀ ಕಾರ್ಡನ್ನೇ ಹೊಸದಾಗಿ ಅಚ್ಚುಮಾಡಿ ಹಳೆಯದೆಂದು ಮಾರುವುದು.

ಕತ್ತರಿಸಿದ್ದನ್ನು ಕಂಡುಹಿಡಿಯಲು ಅಳತೆ ನೆರವಾಗುತ್ತದೆ. ಸಾಧಾರಣ ಸಿಗರೇಟು ಕಾರ್ಡಿನ ಅಳತೆ ಸುಮಾರು ೩೬ಕ್ಕೆ ೬೮ ಮಿಲಿಮೀಟರು. ಆದರೆ ಹಳೆಯ ಕಾರ್ಖಾನೆಯ ಕೆಲಸದಲ್ಲಿಯೇ ಕೂದಲೆಳೆಯ ವ್ಯತ್ಯಾಸಗಳಿದ್ದುದರಿಂದ ಅಳತೆಯೊಂದನ್ನೇ ನಂಬಲಾಗದು. ಅದೇ ಸೆಟ್ಟಿನ ಹತ್ತು ಕಾರ್ಡುಗಳನ್ನು ಒಂದರ ಮೇಲೊಂದಿಟ್ಟು ಪಕ್ಕದಿಂದ ನೋಡಬೇಕು. ಒಂದು ಮಾತ್ರ ಒಳಸರಿದಿದ್ದರೆ, ಅಥವಾ ಮುಖವೆಲ್ಲ ಹಳದಿಯಾಗಿದ್ದು ಅಂಚು ಮಾತ್ರ ನಿನ್ನೆ ಕತ್ತರಿಸಿದಂತೆ ಬೆಳ್ಳಗಿದ್ದರೆ ಸಂಶಯಪಡಬೇಕು.

ಮರುಮುದ್ರಣವನ್ನು ಗುರುತಿಸಲು ಭೂತಗನ್ನಡಿಯಲ್ಲಿ ಅಕ್ಷರಗಳನ್ನು ನೋಡಬೇಕು. ಹಳೆಯ ಕಲ್ಲಚ್ಚಿನ ಕಾರ್ಡಿನಲ್ಲಿ ಅಕ್ಷರವು ಗಟ್ಟಿಯಾದ ಮಸಿಯ ಗೆರೆ. ಈಚಿನ ನಕಲಿನಲ್ಲಿ ಅದೇ ಅಕ್ಷರ ಬಣ್ಣದ ಚುಕ್ಕೆಗಳ ಸಮೂಹವಾಗಿ ಒಡೆದು ಕಾಣುವುದುಂಟು. ಇನ್ನೊಂದು ಉಪಾಯ, ನೋಟುಗಳನ್ನು ಪರೀಕ್ಷಿಸಲು ಅಂಗಡಿಗಳಲ್ಲಿ ಇಟ್ಟಿರುವ ನೇರಳೆ ದೀಪ. ಕಾಗದಕ್ಕೆ ಹೊಳಪು ಕೊಡುವ ರಾಸಾಯನಿಕಗಳು ಬಳಕೆಗೆ ಬಂದುದು ೧೯೪೦ರ ದಶಕದ ಕೊನೆಯಿಂದ ಈಚೆಗೆ. ೧೯೧೦ರದೆಂದು ಹೇಳುವ ಕಾರ್ಡು ಆ ದೀಪದಡಿಯಲ್ಲಿ ನೀಲಿಯಾಗಿ ಹೊಳೆದರೆ ಅದರ ಜನ್ಮಪತ್ರಿಕೆ ಸುಳ್ಳೆಂದು ತಿಳಿಯಬಹುದು. ಹೊಳೆಯದಿದ್ದ ಮಾತ್ರಕ್ಕೆ ಸಾಚಾ ಎಂದೂ ಹೇಳಲಾಗದು.

ಇಷ್ಟೆಲ್ಲ ಎಚ್ಚರಿಕೆಯಿದ್ದೂ ಲೋಕವೇ ಮೋಸಹೋದ ಪ್ರಸಂಗವೊಂದಿದೆ. ವ್ಯಾಗ್ನರನ ಕಾರ್ಡುಗಳಲ್ಲೆಲ್ಲ ಅತ್ಯಂತ ಸುಂದರವಾದುದೆಂದು ಹೆಸರಾದ ಒಂದು ಪ್ರತಿಯನ್ನು ೧೯೯೧ರಲ್ಲಿ ಐಸ್ ಹಾಕಿಯ ಮಹಾ ಆಟಗಾರ ವೇಯ್ನ್ ಗ್ರೆಟ್ಸ್‌ಕಿ ತನ್ನ ತಂಡದ ಮಾಲಿಕನೊಡನೆ ಸೇರಿ ೪,೫೧,೦೦೦ ಡಾಲರಿಗೆ ಕೊಂಡನು. ಪಿ.ಎಸ್.ಎ. ಸಂಸ್ಥೆ ಮೊಟ್ಟಮೊದಲು ಅಂಕ ಕೊಟ್ಟುದು ಇದೇ ಕಾರ್ಡಿಗೆ. ಕೊಟ್ಟ ಅಂಕ ಎಂಟು. ಕೈಯಿಂದ ಕೈಗೆ ಬೆಲೆ ಏರುತ್ತ ೨೦೦೭ರಲ್ಲಿ ಅದು ೨೮ ಲಕ್ಷ ಡಾಲರಿಗೆ ಮಾರಾಟವಾಯಿತು. ಅಷ್ಟು ಚೂಪಾದ ಮೂಲೆಗಳು, ಅಷ್ಟು ನೇರವಾದ ಅಂಚುಗಳು! ೨೦೧೩ರಲ್ಲಿ ಆ ಗುಟ್ಟು ಹೊರಬಿದ್ದಿತು. ಹರಾಜಿನ ವಂಚನೆಗಳ ಮೊಕದ್ದಮೆಯಲ್ಲಿ ಸಿಕ್ಕಿಬಿದ್ದ ಬಿಲ್ ಮ್ಯಾಸ್ಟ್ರೊ ಎಂಬ ಪ್ರಸಿದ್ಧ ವ್ಯಾಪಾರಿಯು, ಹಿಂದೆ ಆ ಕಾರ್ಡು ತನ್ನ ಕೈಯಲ್ಲಿದ್ದಾಗ ಅದರ ಅಂಚುಗಳನ್ನು ತಾನೇ ಕತ್ತರಿಸಿದುದಾಗಿ ಒಪ್ಪಿಕೊಂಡನು. ೨೦೧೫ರಲ್ಲಿ ಆತನಿಗೆ ೨೦ ತಿಂಗಳ ಸೆರೆವಾಸ ವಿಧಿಸಲಾಯಿತು.

ಈ ಕಥೆಯ ಮುಂದಿನ ಭಾಗ ಇನ್ನೂ ಸ್ವಾರಸ್ಯವಾದುದು. ೨೦೨೧ರ ಆಗಸ್ಟಿನಲ್ಲಿ ವ್ಯಾಗ್ನರನ ಬೇರೊಂದು ಪ್ರತಿ ಸುಮಾರು ೬೬ ಲಕ್ಷ ಡಾಲರಿಗೆ ಹೋಯಿತು. ಅದಕ್ಕೆ ದೊರೆತಿದ್ದ ಅಂಕ ಹತ್ತಕ್ಕೆ ಮೂರು. ೨೦೨೨ರ ಆಗಸ್ಟಿನಲ್ಲಿ ಇನ್ನೊಂದು ಪ್ರತಿ ೭೨ ಲಕ್ಷ ೫೦ ಸಾವಿರ ಡಾಲರಿಗೆ ಮಾರಾಟವಾಯಿತು. ಅದರ ಅಂಕ ಕೇವಲ ಎರಡು! ಕಾಲಾಂತರದಲ್ಲಿ ಮಾರುಕಟ್ಟೆಯೇ ಏರಿತೆಂಬುದು ನಿಜ. ಆದುದರಿಂದ ಈ ಬೆಲೆಗಳನ್ನು ಆ ಬೆಲೆಯೊಡನೆ ನೇರವಾಗಿ ತೂಗಲಾಗದು. ಆದರೂ ಒಂದು ಮಾತು ಸ್ಪಷ್ಟ. ದುಂಡಾದ ಮೂಲೆ, ಮಾಸಿದ ಬಣ್ಣಗಳಿಂದ ಯಾರಿಗೂ ಗಾಬರಿಯಾಗಲಿಲ್ಲ. ಕಾರ್ಡು ಮುದಿಯಾಗಬಹುದು, ಅದರಲ್ಲಿ ಅವಮಾನವಿಲ್ಲ. ಮುದಿಯಾಗಿದ್ದೂ ಹದಿಹರೆಯದ ವೇಷ ಹಾಕಬಾರದು, ಅಷ್ಟೆ.

ಮನೆಯಲ್ಲಿ ಮಾಡಬೇಕಾದುದು

ಮನೆಯಲ್ಲಿ ಇಂತಹ ಕಾರ್ಡುಗಳಿದ್ದರೆ ಏನು ಮಾಡಬೇಕು? ಮೊದಲನೆಯದಾಗಿ, ಏನನ್ನೂ ಮಾಡದಿರಬೇಕು! ಒದ್ದೆ ಬಟ್ಟೆ, ರಬ್ಬರು, ಇಸ್ತ್ರಿಪೆಟ್ಟಿಗೆ, ಸೆಲ್ಲೋ ಟೇಪು — ಇವು ಯಾವುವೂ ಹತ್ತಿರ ಸುಳಿಯಕೂಡದು. ಆಲ್ಬಮ್ಮಿಗೆ ಅಂಟಿದ್ದರೆ ಆವಿಯಲ್ಲಿ ಹಿಡಿದು ಬಿಡಿಸುವ ಸಾಹಸ ಬೇಡ. ಆಲ್ಬಮ್ಮೂ ಇತಿಹಾಸದ ಒಂದು ಭಾಗವೇ. ಲ್ಯಾಮಿನೇಷನ್ನಿನ ಶಾಖದಲ್ಲಿ ಒಮ್ಮೆ ಅಂಟಿದ ಪ್ಲಾಸ್ಟಿಕ್ಕು ಕಾರ್ಡಿನ ಪ್ರಾಣದೊಡನೆಯೇ ಬಿಡುವುದು.

ರಬ್ಬರ್ ಬ್ಯಾಂಡು ಇದ್ದರೆ ಮೆಲ್ಲಗೆ ತೆಗೆಯಬೇಕು. ಹಳೆಯದಾಗಿ ಕಾರ್ಡಿಗೆ ಅಂಟಿಕೊಂಡಿದ್ದರೆ ಎಳೆಯಬಾರದು. ಒಂದೊಂದು ಕಾರ್ಡನ್ನು ಪಿ.ವಿ.ಸಿ. ಅಲ್ಲದ ಪಾರದರ್ಶಕ ಕವರಿನಲ್ಲಿ ಹಾಕಿ, ಬೆಳಕು ತಾಗದ ಡಬ್ಬಿಯಲ್ಲಿ, ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣದೊಡನೆ ಇಡಬೇಕು. ಅಟ್ಟದ ಮೇಲೆ ಬೇಸಗೆಯ ಕಾವು, ಹೊರಗೋಡೆಯ ಬೀರುವಿನಲ್ಲಿ ಮಳೆಗಾಲದ ತೇವ. ಮನೆಯ ನಡುಕೋಣೆಯ ಬೀರುವೇ ಲೇಸು. ವರ್ಷಕ್ಕೆರಡು ಸಲ ತೆಗೆದು ಹುಳು ಹಿಡಿದಿದೆಯೇ ಎಂದು ನೋಡಬೇಕು.

ಇನ್ನೂ ಒಂದು ಕೆಲಸವಿದೆ; ಅದಕ್ಕೆ ಖರ್ಚಿಲ್ಲ. ಇವು ಯಾರು ತಂದವು, ಯಾವ ವರ್ಷ, ಯಾವ ಊರಿನಿಂದ ಎಂಬುದನ್ನು ತಿಳಿದ ಹಿರಿಯರು ಇರುವಾಗಲೇ ಕೇಳಿ ಬರೆದಿಡಬೇಕು. ಕಾರ್ಡಿನ ಮೇಲಲ್ಲ, ಬೇರೆ ಕಾಗದದ ಮೇಲೆ! ಒಂದು ವಸ್ತು ಯಾರ ಕೈಯಿಂದ ಯಾರ ಕೈಗೆ ಬಂದಿತೆಂಬ ವೃತ್ತಾಂತ ಕೊಳ್ಳುವವನಿಗೆ ಧೈರ್ಯ ಕೊಡುತ್ತದೆ. ಮಾರದಿದ್ದರೆ ಮನೆಯವರಿಗೆ ನೆನಪು ಕೊಡುತ್ತದೆ.

ಮಾರುವ ಯೋಚನೆಯಿದ್ದರೆ ಎರಡು ಬೆಲೆಗಳ ಭೇದವನ್ನು ಮರೆಯಬಾರದು. ಮೊಬೈಲಿನಲ್ಲಿ ನೋಡಿದರೆ ಯಾರೋ ಒಬ್ಬರು ಅದೇ ಕಾರ್ಡಿಗೆ ಐದು ಸಾವಿರ ಡಾಲರು ಕೇಳುತ್ತಿರಬಹುದು. ಕೇಳಿದ್ದು ಬೆಲೆಯಲ್ಲ; ಕೊಟ್ಟದ್ದು ಬೆಲೆ. ಅದೇ ಕಾರ್ಡು, ಅದೇ ಸ್ಥಿತಿಯಲ್ಲಿ, ಈಚೆಗೆ ನಿಜವಾಗಿ ಎಷ್ಟಕ್ಕೆ ಮಾರಾಟವಾಯಿತೆಂಬುದನ್ನು ನಾಲ್ಕಾರು ಕಡೆ ನೋಡಿ ಲೆಕ್ಕ ಹಾಕಬೇಕು. ವ್ಯಾಪಾರಿಯು ತನ್ನ ಲಾಭವನ್ನು ಕಳೆದು ಕೊಡುತ್ತಾನೆಂಬುದನ್ನೂ ತಿಳಿದಿರಬೇಕು. ಅಂಕ ಹಾಕಿಸುವುದಕ್ಕೆ ತಗಲುವ ಶುಲ್ಕ, ಅಂಚೆ, ವಿಮೆಗಳು ಸಾಧಾರಣ ಕಾರ್ಡಿನ ಬೆಲೆಯನ್ನೇ ಮೀರುವುದುಂಟು. ಹತ್ತು ರೂಪಾಯಿನ ಬೀಗಕ್ಕೆ ನೂರು ರೂಪಾಯಿನ ಬೀಗದ ಕೈ ಮಾಡಿಸಿದಂತಾಗಬಾರದು.

ಅಂಟಿಸಿಟ್ಟ ವ್ಯಾಗ್ನರ್

ಕಡೆಯದಾಗಿ, ಟಿ-೨೦೬ ಎಂಬ ಹೆಸರನ್ನು ಇಟ್ಟವರ ವಿಚಾರವಾಗಿ ಎರಡು ಮಾತು. ಅವರು ಜೆಫರ್ಸನ್ ಬರ್ಡಿಕ್. ನ್ಯೂಯಾರ್ಕ್ ಪ್ರಾಂತದ ಸಿರಕ್ಯೂಸ್ ನಗರದ ಒಂದು ವಿದ್ಯುತ್ ಸಾಮಗ್ರಿಗಳ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದರು, ಕೀಲುವಾಯುವಿನಿಂದ ನರಳುತ್ತಿದ್ದರು, ಒಂಟಿಯಾಗಿ ಬಾಳಿದರು. ಯಾರೂ ಲಕ್ಷ್ಯ ಕೊಡದಿದ್ದ ಕಾಲದಲ್ಲಿ ಅಮೆರಿಕದ ಕಾರ್ಡುಗಳನ್ನೆಲ್ಲ ವರ್ಗ ವರ್ಗವಾಗಿ ವಿಂಗಡಿಸಿ ಸೂಚಿಯೊಂದನ್ನು ಸಿದ್ಧಪಡಿಸಿದವರು ಅವರು. ಇಂದಿನ ಲಕ್ಷ ಡಾಲರಿನ ವ್ಯಾಪಾರವೂ ಅವರು ಕೊಟ್ಟ ಸಂಖ್ಯೆಗಳ ಮೇಲೆಯೇ ನಡೆಯುತ್ತಿದೆ.

ಮೂರು ಲಕ್ಷಕ್ಕೂ ಮಿಕ್ಕ ತಮ್ಮ ಸಂಗ್ರಹವನ್ನು ಬರ್ಡಿಕ್ ಮಾರಲಿಲ್ಲ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಕಲಾ ಸಂಗ್ರಹಾಲಯಕ್ಕೆ ದಾನ ಮಾಡಿದರು. ಅಷ್ಟಕ್ಕೆ ನಿಲ್ಲದೆ, ಅಲ್ಲಿಯೇ ಕುಳಿತು, ಬಾಗದ ಬೆರಳುಗಳಿಂದ ಕಾರ್ಡುಗಳನ್ನು ಆಲ್ಬಮ್ಮುಗಳಿಗೆ ಅಂಟಿಸುತ್ತ ಹೋದರು. ಆ ಕೆಲಸವನ್ನು ೧೯೬೩ರ ಜನವರಿಯಲ್ಲಿ ಮುಗಿಸಿದರು. ಅದೇ ವರ್ಷದ ಮಾರ್ಚ್ ತಿಂಗಳಲ್ಲಿ ತೀರಿಕೊಂಡರು.

ಆ ಸಂಗ್ರಹದಲ್ಲಿ ವ್ಯಾಗ್ನರನ ಕಾರ್ಡೂ ಒಂದಿದೆ. ಅಂಕ ಹಾಕುವವರ ಕಣ್ಣಿಗೆ, ಬೆನ್ನಿಗೆ ಅಂಟು ತಗಲಿದ ಕಾರ್ಡು ಕೆಳದರ್ಜೆಯದು. ಅದನ್ನು ಅಂಟಿಸಿದವರಿಗೆ ಆ ಲೆಕ್ಕ ಮುಖ್ಯವಾಗಿರಲಿಲ್ಲ. ಮುಂದೆ ಬರುವ ಯಾರಾದರೂ ಆ ಪುಟವನ್ನು ತೆರೆದಾಗ ಆಟಗಾರನ ಮುಖ ಅದರ ಸ್ಥಾನದಲ್ಲಿಯೇ ಇರಬೇಕೆಂದು ಅವರಿಗೆ ಅನಿಸಿತ್ತು. ಅರುವತ್ತು ವರ್ಷಗಳಾದ ಮೇಲೂ ಅದು ಆ ಸಂಗ್ರಹಾಲಯದಲ್ಲಿಯೇ ಇದೆ.